ಗೊತ್ತಿಲ್ಲದ ನಂಬರು

ಜೂನ್ ೪
ಜಿಪ್ ಬದಲಿಸಿ ಕೊಟ್ಟೆ. ಇನ್ನೊಂದು ಪ್ಯಾಂಟಿನ ಸೊಂಟ ಲೂಸ್ ಮಾಡಬೇಕು. ಕೈ ಓಡುತ್ತಿಲ್ಲ. ಮಗಳಿಗೆ ಇಲ್ಲಿನ ಕಾಲೇಜು ಬೇಡವಂತೆ. ಅವಳಿಗೆ ಬೇಕಾದ ಕೋರ್ಸ್ ಇರುವುದು ದೂರದಲ್ಲಿ — ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ತಲುಪುವ ಊರು. ಹಾಸ್ಟೆಲ್. ಬಚ್ಚಲಿನ ಚಿಲಕ ಗಟ್ಟಿ ಇರುತ್ತೋ ಇಲ್ಲವೋ.

"ಕಿವಿ ಡಾಕ್ಟರಾಗ್ತೀಯೇನೇ?"

"ಡಾಕ್ಟರಲ್ಲಮ್ಮಾ. ಎಷ್ಟು ಕೇಳಿಸುತ್ತೆ ಅಂತ ನೋಡಿ ಮಷೀನ್ ಕೂರಿಸೋದು. ಮೊದಲ ಗಿರಾಕಿ ಅಜ್ಜಿ."

ನಮ್ಮಮ್ಮನಿಗೆ ಎಡಗಿವಿ ಮಾತ್ರ ಕೇಳಿಸುತ್ತದೆ. ಇವಳು ಚಿಕ್ಕಂದಿನಿಂದ ಅಜ್ಜಿಯ ಎಡಕ್ಕೇ ಕೂರುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಈಗಲೂ ಮರೆತು ಬಲಗಡೆ ನಿಂತು ಕೂಗುತ್ತೇನೆ.

ಜೂನ್ ೧೧
ವೇಟಿಂಗ್ ಲಿಸ್ಟ್ ಅಂತೆ. ಸಿಗದಿದ್ದರೂ ಒಳ್ಳೆಯದೇ... ಹಾಗೆ ಅಂದುಕೊಳ್ಳಬಾರದು.

ಜೂನ್ ೧೯, ಮಧ್ಯಾಹ್ನ
ಯಾವುದೋ ನಂಬರು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಗೊತ್ತಿಲ್ಲದ ನಂಬರ್ ಎತ್ತಬೇಡ, ಬ್ಯಾಂಕ್ ಹೆಸರು ಹೇಳಿ ಟೋಪಿ ಹಾಕ್ತಾರೆ ಅಂತ ಮಗಳೇ ಹೇಳಿದ್ದು. ಕಟ್ ಮಾಡಿದೆ. ಮತ್ತೆ ಬಂತು. ಬ್ಲಾಕ್ ಮಾಡಿದೆ. ಯಾರನ್ನೂ ಕೇಳದೆ, ನಾನೇ. ಅವಳು ಬಂದ ತಕ್ಷಣ ತೋರಿಸಬೇಕು.

ಸಂಜೆ
ಕಾಲೇಜಿನ ನಂಬರಂತೆ. ಸೀಟು ಖಾಲಿಯಾಗಿರಬೇಕು, ಬೇಕೋ ಬೇಡವೋ ಕೇಳಲು ಮಾಡಿರುತ್ತಾರಂತೆ. ತನ್ನ ಫೋನ್ ಕೆಟ್ಟಿದೆ ಅಂತ ನನ್ನ ನಂಬರ್ ಕೊಟ್ಟಿದ್ದಳಂತೆ, ಹೇಳಲು ಮರೆತಿದ್ದಳು. ಈಗ ಆಫೀಸ್ ಮುಚ್ಚಿದೆ.

"ಬ್ಲಾಕ್ ಮಾಡಿದ್ಯಾ? ನೀನೇ?"

"ಹೂಂ."

"ನಾನು ಕಲಿಸಿದ್ದನ್ನ ಇಷ್ಟು ಚೆನ್ನಾಗಿ ಕಲಿತವರು ಇನ್ಯಾರೂ ಇಲ್ಲ ಬಿಡು."

ನಕ್ಕಳು. ಕಾಫಿ ಮುಟ್ಟದೆ ಲೋಟ ಕೆಳಗಿಟ್ಟಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವಳ ಕೈಗೆ ಫೋನ್ ಕೊಡಬಾರದು. ಸಿಗದಿರಲಿ ಅಂತ ಮನಸ್ಸಲ್ಲಿ ಇತ್ತಲ್ಲ... ಆಣೆಗೂ ಬೇಕಂತ ಮಾಡಿದ್ದಲ್ಲ.

ಜೂನ್ ೨೦
ಆಫೀಸ್ ತೆರೆಯುವುದನ್ನೇ ಕಾದು ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ಕತ್ತರಿ ಹಿಡಿದುಕೊಂಡೇ ನಿಂತಿದ್ದೆ.

"ಅಮ್ಮಂದು ತಪ್ಪಿಲ್ಲ ಮೇಡಂ. ಗೊತ್ತಿಲ್ಲದ ನಂಬರ್ ಎತ್ತಬೇಡ ಅಂತ ನಾನೇ ಹೇಳ್ಕೊಟ್ಟಿದ್ದು. ಸೀಟು ನನಗೆ ಬೇಕು."

"ಮುಂದಿನವರಿಗೆ ಹೇಳಿಬಿಟ್ಟಿದ್ದೀವಲ್ಲಮ್ಮಾ. ಅವರು ಬರದಿದ್ರೆ ನೋಡೋಣ."

"ದಿನಾ ಬೆಳಿಗ್ಗೆ ಕೇಳ್ತೀನಿ ಮೇಡಂ."

ಸುಳ್ಳು ಹೇಳಲಿಲ್ಲ. ಅಳಲಿಲ್ಲ. ಆಫೀಸಿನವರ ಮುಂದೆ ನನಗೆ ಬಾಯೇ ಬರುವುದಿಲ್ಲ. ಇವಳು ಯಾರನ್ನು ಹೋತಳೋ.

ಜುಲೈ ೨
ದಿನಾ ಕೇಳಿದಳು. ಆ ಮೇಡಂಗೆ ದನಿಯೇ ಗುರುತಾಗಿಬಿಟ್ಟಿದೆ. ಇವತ್ತು ಅವರೇ, "ಬ್ಲಾಕ್ ಮಾಡಿದ ಅಮ್ಮನ ಮಗಳಾ? ಬಾರಮ್ಮ, ಆ ಹುಡುಗಿ ಬರಲಿಲ್ಲ" ಅಂದರಂತೆ.

ಈ ಸಲ ನನಗೂ ಬೇಕಿತ್ತು. ನಿಜವಾಗಿ.

ಜುಲೈ ೧೫, ಸಂಜೆ
ಬೆಳಿಗ್ಗೆ ಬಸ್ ಹತ್ತಿಸಿದೆ. ನಾನೂ ಬರುತ್ತೇನೆ ಅಂದರೆ ಕೇಳಲಿಲ್ಲ — ಅಜ್ಜಿ ಒಬ್ಬಳೇ ಆಗ್ತಾಳಂತೆ. ಒಂದು ಹೊಸ ಚಿಲಕ, ಸ್ಕ್ರೂ ಸಮೇತ, ಬ್ಯಾಗಿಗೆ ತುರುಕಿದೆ. ನೋಡಿದಳು, ತೆಗೆದಿಡಲಿಲ್ಲ.

"ನನ್ನ ಫೋನ್ ನಂಬಬೇಡಮ್ಮಾ. ಯಾರ ಫೋನಿಂದಾದ್ರೂ ಮಾಡ್ತೀನಿ. ಇವತ್ತು ಯಾವ ನಂಬರ್ ಬಂದ್ರೂ ಎತ್ತು."

"ಟೋಪಿ ಹಾಕೋರು ಆದ್ರೆ?"

"ನನ್ನ ಮಗಳು ತಲುಪಿದಳಾ ಅಂತ ಅವರನ್ನೇ ಕೇಳು."

ಕತ್ತಲಾಯಿತು. ಬಸ್ ಕೆಟ್ಟು ನಿಂತಿತೋ. ಬೇರೆ ಊರಲ್ಲಿ ಇಳಿದುಬಿಟ್ಟಳೋ. ನಮ್ಮಮ್ಮ ಫೋನಿನ ಕಡೆಗೆ ಎಡಗಿವಿ ಮಾಡಿಕೊಂಡು ಕೂತಿದ್ದಾಳೆ. ಸುಮ್ಮನೆ ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕಲ್ಲ

ಬಂತು. ಗೊತ್ತಿಲ್ಲದ ನಂ