ಎರೆಯಲ್ಲಿ ಹೂತ ಕೆಂಪು ಕಾರು

ರೋಣ
೧೮ ನವೆಂಬರ್ ೨೦೨೪, ಸೋಮವಾರ

ಮೊಮ್ಮಗ ಬಸವಪ್ರಸಾದನಿಗೆ, ಅಂದರೆ ನನ್ನ ಬಸ್ಯಾನಿಗೆ, ನಿನ್ನ ಆಯಿ ಕಲ್ಲವ್ವ ಮಾಡುವ ಆಶೀರ್ವಾದ.

ಆರಾಮ ಇದ್ದೀಯಾ? ಪುಣೆಯಲ್ಲಿ ಚಳಿ ಬಿದ್ದಿರಬೇಕು. ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ಅದು ನಿಮ್ಮಜ್ಜನ ಕೆಮ್ಮು, ಸಲಿಗೆ ಕೊಟ್ಟರೆ ಎದೆಯಲ್ಲೇ ಮನೆ ಮಾಡುತ್ತದೆ, ಶುಂಠಿ ಕಷಾಯ ಕುಡಿ. ನಾನು ಚಲೋ ಇದ್ದೇನೆ. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲರ ಮುಖದ ಸುಕ್ಕು ಸ್ವಚ್ಛ ಕಾಣುತ್ತಿವೆ. ನಿನ್ನ ಅವ್ವ ನಿರ್ಮಲಾಳ ಸುಕ್ಕು ಎಣಿಸಿ ಹೇಳಿದೆ, ಎರಡು ದಿನ ಮಾತು ಬಿಟ್ಟಳು, ಮನೆ ತಣ್ಣಗಿತ್ತು. ಈ ಸಲ ಮಳೆ ತಡವಾಗಿ ನಿಂತಿದ್ದಕ್ಕೆ ಕಡಲೆ ಗಿಡ ಇನ್ನೂ ಗೇಣುದ್ದ. ಇಷ್ಟೇ ಸುದ್ದಿ.

ಇನ್ನು ನೀನು ಕೇಳಿದ್ದು. "ಆಯೀ, ಅಜ್ಜ ಓದಿ ಹೇಳತಿದ್ದ ಕಾರಿನ ರೋಡ್ ಟೆಸ್ಟ್ ಬಗ್ಗೆ ಎರಡು ಹಾಳಿ ನಿನ್ನ ಕೈಲೇ ಬರದು ಕಳಸು. ನಿನ್ನ ಅಕ್ಷರಾನ ಫೋಟೋ ತಗದು ಪುಸ್ತಕದ ಕಡೀಕ ಹಾಕತೀನಿ. ಚಂದಂಗಿ ಬರಿ" ಅಂದೆ. ರಾಜೂರಿನ ಸಾಲಿಯಲ್ಲಿ ನಾನು ಮೂರನೆಯತ್ತೆ ಮುಗಿಸಿದವಳು, ಅಕ್ಷರ ಚಂದವೇ ಇವೆ. ಒಳಗಿನ ಮಾತು ಚಂದ ಇರುತ್ತವೆ ಎಂದು ನಾನು ಒಪ್ಪಿಕೊಂಡಿರಲಿಲ್ಲ. ಪುಸ್ತಕ ಡಿಸೆಂಬರ್ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆಂದೂ, ಅಷ್ಟರೊಳಗೆ ಅಜ್ಜನ ಹಳೆಯ ಮಾಸಿಕಗಳ ಟ್ರಂಕು ನಿನಗೆ ಮುಟ್ಟಬೇಕೆಂದೂ, ಅದರಲ್ಲಿ ಆ ಕೆಂಪು ಕಾರಿನ ಪರೀಕ್ಷೆಯ ಎರಡನೆಯ ಭಾಗ ಇದ್ದೇ ಇದೆಯೆಂದೂ ಹೇಳಿದೆ. ಹನ್ನೊಂದು ವರ್ಷದಿಂದ ಅದನ್ನೇ ಹುಡುಕುತ್ತಿದ್ದೀಯಂತೆ. ಇಂಗ್ಲೆಂಡಿನ ಯಾರೋ ಮುದುಕನಿಗೂ ಬರೆದೆಯಂತೆ, ಅವನು ಅಂಥ ಪರೀಕ್ಷೆ ಯಾವ ಮಾಸಿಕದಲ್ಲೂ ಬಂದಿಲ್ಲ ಎಂದನಂತೆ. ಆ ಮುದುಕ ಜಾಣ.

ನೀನು ಕಳಿಸಿದ ಅಧ್ಯಾಯವನ್ನು ನಿನ್ನ ಅವ್ವ ಓದಿ ಹೇಳಿದಳು, ಮಧ್ಯೆ ಮಧ್ಯೆ ಕಣ್ಣು ಒರೆಸಿಕೊಂಡಳು. ಹಿಂದಿನ ಕಾಲದಲ್ಲಿ ಇಬ್ಬರೇ ಕೂಡುವ ಓಟದ ಕಾರನ್ನು ಒಬ್ಬ ಸಾಹೇಬ ವಾರಗಟ್ಟಲೆ ಓಡಿಸಿ, ಅದು ಯಾವ ತಿರುವಿನಲ್ಲಿ ಜಾರಿತು, ಬಾಗಿಲು ಹಾಕಿದರೆ ಎಂಥ ಸಪ್ಪಳ, ದಾರಿಯಲ್ಲಿ ತಾನು ಎಲ್ಲಿ ಉಂಡೆ ಎಂದೆಲ್ಲ ಮಾಸಿಕಕ್ಕೆ ಬರೆಯುತ್ತಿದ್ದ, ಈಗ ಬರೀ ಅಂಕಿ ಇರುತ್ತವೆ ಎಂದು ಬರೆದಿದ್ದೀ. ಪುಣೆಯಲ್ಲಿ ನಿಮ್ಮಂಥ ನಲವತ್ತು ಗಂಡಸರು ರವಿವಾರ ಕೂಡಿ ಆ ಹಳೆಯ ಪುಟಗಳನ್ನು ಓದಿಕೊಂಡು ನಿಟ್ಟುಸಿರು ಬಿಡುತ್ತೀರಂತೆ. ಅದರಲ್ಲಿ ಒಬ್ಬನಾದರೂ ಆ ಕಾರಿನಲ್ಲಿ ಕೂತಿದ್ದಾನೆಯೇ? ಕೂತಿದ್ದರೆ ನಡು ಹಿಡಿದು ಮನೆಯಲ್ಲಿ ಮಲಗಿರುತ್ತಿದ್ದ, ನಿಟ್ಟುಸಿರಿಗೆ ಬರುತ್ತಿರಲಿಲ್ಲ. ಯಾರೋ ಓಡಿಸಿ ಬಂದು ಹೇಳಿದ ಸುಖ ನಿಮಗೆ ಸಾಕು. ಇರಲಿ, ನಮ್ಮ ಮನೆಯಲ್ಲೂ ಅಷ್ಟೇ ನಡೆಯಿತು.

ಆ ಅಧ್ಯಾಯದಲ್ಲಿ ತಪ್ಪು ಭಾಳ ಇವೆ. "ಆ ಪುಟಗಳ ಮಸಿಯ ವಾಸನೆ ಇನ್ನೂ ಮೂಗಿನಲ್ಲಿದೆ" ಎಂದಿದ್ದೀ. ಅದು ಇಂಗು. ಟ್ರಂಕು ಇದ್ದದ್ದು ನಮ್ಮ ಕಿರಾಣಿ ಅಂಗಡಿಯ ಇಂಗಿನ ಡಬ್ಬಿಯ ಕೆಳಗೆ. "ಅಜ್ಜ ಎದೆಯಿಂದಲೇ ಇಂಜಿನ್ನಿನ ಸದ್ದು ಹೊರಡಿಸುತ್ತಿದ್ದ, ಗೇರು ಬದಲಿಸುವಾಗ ಕೆಮ್ಮುತ್ತಿದ್ದ" ಎಂದಿದ್ದೀ. ಅದು ದಮ್ಮು. ನೀನು ಚಪ್ಪಾಳೆ ಹೊಡೆದೆಯೆಂದು ಅವರು ಕೆಮ್ಮನ್ನು ತಡೆಯದೆ ಬಿಡುತ್ತಿದ್ದರು, ಆಮೇಲೆ ಒಳಗೆ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದರು, ಬೆನ್ನು ತಿಕ್ಕಿದವಳು ನಾನು. "ಸಾಹೇಬ ನಡುದಾರಿಯಲ್ಲಿ ಕಾರು ನಿಲ್ಲಿಸಿ ಗಡ್ಡ ಹೆರೆದುಕೊಂಡ, ಎಂಥ ಸಾವಧಾನದ ಕಾಲ ಅದು" ಎಂದು ಅರ್ಧ ಪುಟ ಹಿಗ್ಗಿದ್ದೀ. ಅದು ಎದುರಿನ ಪುಟದಲ್ಲಿದ್ದ ಸೋಪಿನ ಜಾಹೀರಾತು. ಇನ್ನು ಆ ಅರವತ್ತು. ಕಾರು ನಿಂತಲ್ಲಿಂದ ಅರವತ್ತು ಮೈಲಿನ ವೇಗ ಹಿಡಿಯಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ಅಜ್ಜ "ಅರವತ್ತು ಎಣಿಸೂದ್ರೊಳಗ ಜಕ್ಕಲಿ ದಾಟಿತು ನೋಡ್" ಎಂದು ಪಕ್ಕದ ಊರು ಹೆಸರಿಸಿ ನಮ್ಮ ನೆಲದ ಅಳತೆಗೆ ತಂದ, ಅದು ಕವಿಯ ಬುದ್ಧಿ ಎಂದು ಬರೆದಿದ್ದೀ. ಕವಿಯ ಬುದ್ಧಿ ಅಲ್ಲ, ಬಸ್ಯಾ. ಪುಟದಲ್ಲಿ ಅರವತ್ತು ಎಂಬ ಅಂಕಿಯೊಂದೇ ಅವರಿಗೆ ತಿಳಿಯುತ್ತಿತ್ತು.

ನಿಮ್ಮಜ್ಜನಿಗೆ ಇಂಗ್ಲೀಷ್ ಓದಲು ಬರುತ್ತಿರಲಿಲ್ಲ. ಒಂದು ಸಾಲು ಕೂಡ.

ಎರಡನೆಯ ಸಲ ಓದಿಕೋ, ಬೇಕಾದರೆ ನೀರು ಕುಡಿದು ಓದಿಕೋ. ನಾಲ್ಕನೆಯತ್ತೆ ಕನ್ನಡ ಸಾಲಿ ಕಲಿತು ಅಂಗಡಿಯ ಗಲ್ಲೆಗೆ ಕೂತವರು. ಗಜೇಂದ್ರಗಡದಲ್ಲಿ ಹತ್ತಿ ಜಿನ್ನಿನ ಕಾರ್ಖಾನೆಯ ಮ್ಯಾನೇಜರ ಊರು ಬಿಡುವಾಗ ಮನೆಯ ಸಾಮಾನು ಲಿಲಾವು ಮಾಡಿದ. ಆರಾಮ ಖುರ್ಚಿ ತರುತ್ತೇನೆಂದು ಹೋದವರು, ಬಸ್ಸಿನಲ್ಲಿ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು, ಒಂದು ಟ್ರಂಕು ತುಂಬ ಮಾಸಿಕ ತಂದರು. ಹೌದು, ನಿನ್ನ ಪುಸ್ತಕದ ವೀರ ರೋಣದಿಂದ ಗಜೇಂದ್ರಗಡ ಮುಟ್ಟುವುದರೊಳಗೆ ಎರಡು ಸಲ ವಾಂತಿ ಮಾಡಿಕೊಳ್ಳುತ್ತಿದ್ದರು. ತಂದದ್ದು ಓದಲಿಕ್ಕಲ್ಲ, ಪುಡಿಕೆ ಕಟ್ಟಲಿಕ್ಕೆ. ಆದರೆ ಆ ಕಾಗದ ನುಣುಪು, ದಾರ ಜಾರುತ್ತಿತ್ತು, ಸಕ್ಕರೆ ಪುಡಿಕೆ ಗಿರಾಕಿಯ ಮನೆ ಮುಟ್ಟುವ ಮೊದಲೇ ಬಾಯಿ ಬಿಡುತ್ತಿತ್ತು. ಹಿಂದಿನ ಓಣಿಯ ಬಾನುಬಿ ಸೆರಗಿನ ತುಂಬ ಸಕ್ಕರೆ ಹಿಡಿದು ತಿರುಗಿ ಬಂದು, "ಸಾವಕಾರ್ರ, ನಿಮ್ಮ ಕಾಗದ ಭಾಳ ಚಂದ ಐತ್ರಿ, ಗ್ವಾಡಿಗೆ ಹಚಗೋರಿ. ಸಕ್ಕರಿ ಮಾತ್ರ ಬ್ಯಾರೆ ಕಾಗದದಾಗ ಕೊಡ್ರಿ" ಅಂದಳು. ಅಂದಿನಿಂದ ಟ್ರಂಕು ಮೂಲೆ ಹಿಡಿಯಿತು.

ನಿನಗೆ ಆರು ವರ್ಷ ಇದ್ದಾಗ ನೀನೇ ಅದನ್ನು ತೆರೆದೆ. ಇಂಗ್ಲೀಷ್ ಸಾಲಿಗೆ ಹೋಗುವ ಮೊಮ್ಮಗ ಕಾರಿನ ಚಿತ್ರ ಮುಂದಿಟ್ಟು "ಓದಜ್ಜಾ" ಅಂದರೆ ಬರುವುದಿಲ್ಲ ಎನ್ನಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ. ಪುಸ್ತಕವನ್ನು ನಿನ್ನ ಕೈಗೆ ಸಿಗದಂತೆ ಎತ್ತಿ ಹಿಡಿದು ಶುರು ಮಾಡಿದರು. ನೀನು ಬೆರಳಿಟ್ಟು ಇದೇನು ಅಕ್ಷರ ಎಂದು ಕೇಳಿದರೆ "ನಡುವ ಬಾಯಿ ಹಾಕಬ್ಯಾಡ, ಗಾಡಿ ಓಡಾಕತ್ತೈತಿ" ಎನ್ನುತ್ತಿದ್ದರು. ಮೂರು ದಿನಕ್ಕೆ ಅವರ ಸರಕು ಮುಗಿಯಿತು. ನಾಲ್ಕನೆಯ ದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಕೂತು, ಚಿತ್ರ ತೆರೆದು, "ಇದಕ್ಕೇನರೆ ಹೇಳ. ಸಂಜಿಕ ಹುಡುಗ ಬರತೈತಿ" ಅಂದರು.

ನಾನು ಹೇಳಿದೆ. ನನಗೆ ಕಾರು ಗೊತ್ತಿರಲಿಲ್ಲ, ಎತ್ತು ಗೊತ್ತಿತ್ತು. ರಾಜೂರಿನಲ್ಲಿ ನನ್ನ ಅಪ್ಪ ಎತ್ತಿನ ಪರೀಕ್ಷೆಯಲ್ಲಿ ಹೆಸರಾದವನು. ಸಂತೆಗೆ ಹೋಗುವವರು ಅವನನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಬೆನ್ನ ಮೇಲೆ ಅಂಗೈ ಇಡುತ್ತಿದ್ದ, ತೊಗಲು ನಡುಗಿದರೆ ಚುರುಕು. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಗಾಲಿಗೆ ಹಗ್ಗ ಬಿಗಿದು, ಹೇರು ತುಂಬಿದ ಚಕ್ಕಡಿ ಎಳೆಸುತ್ತಿದ್ದ. ದಣಿಸಿ ನೀರು ತೋರಿಸಿ, ಮೊದಲು ಉಸಿರು ಬಿಡುತ್ತದೋ ಮೊದಲು ನೀರಿಗೆ ಬಾಯಿ ಹಾಕುತ್ತದೋ ನೋಡುತ್ತಿದ್ದ. ನಿನ್ನ ಪುಸ್ತಕದಲ್ಲಿ "ಅಂಗೈ ಇಟ್ಟರೆ ಬಾನೆಟ್ಟು ನಡುಗಿತು, ಇದು ಚುರುಕು ಜಾತಿಯ ಕಾರು ಎಂದು ಸಾಹೇಬನಿಗೆ ತಿಳಿಯಿತು" ಎಂಬ ಮಾತಿದೆಯಲ್ಲ, ಪುಣೆಯ ನಲವತ್ತು ಮಂದಿ ಎದ್ದು ನಿಂತು ವಾಹ್ ಅಂದರಂತಲ್ಲ, ಅದು ನನ್ನ ಅಪ್ಪ ಒಂದು ಕಿಲಾರಿ ಹೋರಿಯ ಬಗ್ಗೆ ಹೇಳಿದ ಮಾತು. ಮೂರು ವರ್ಷ ರಜೆ ರಜೆಗೆ ಬೆಳಗ್ಗೆ ನಾನು ಹೇಳಿದೆ, ಸಂಜೆ ಅವರು ಓದಿದರು. ನಿನ್ನ ಅಧ್ಯಾಯದಲ್ಲಿ ನನಗೆ ಒಂದು ವಾಕ್ಯ ಇದೆ: "ಆಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು." ಹೌದು, ಬಡಿಯುತ್ತಿದ್ದೆ.

ಈಗ ಕೆಂಪು ಕಾರು. ಆ ಚಿತ್ರ ನನಗೆ ಎಲ್ಲದಕ್ಕಿಂತ ಸೇರುತ್ತಿತ್ತು. ಸಾಹೇಬ ಸ್ಟೇರಿಂಗ್ ಹಿಡಿದು ಹಲ್ಲು ಕಿಸಿದು ಕೂತಿದ್ದ. ಪಕ್ಕದಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಹೆಣ್ಣುಮಗಳು, ತೊಡೆಯ ಮೇಲೆ ಬರೆಯುವ ವಹಿ, ಕೈಯಲ್ಲಿ ಗಡಿಯಾರ. ಕಾರು ಎಷ್ಟು ಓಡಿತು ಎಂದು ಹೊತ್ತು ನೋಡಿ ಬರೆದುಕೊಳ್ಳುವ ಕೆಲಸ ಆಕೆಯದು. ನಿಮ್ಮಜ್ಜ "ಅಕಿ ಸುಮ್ಮ ಕುಂತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆ ಕಾರನ್ನು ನಾನು ಮುಂಬೈಯಲ್ಲಿ ಇಳಿಸಿ, ನರಗುಂದದ ಗುಡ್ಡದ ಬುಡದಲ್ಲಿ ಊಟ ಮಾಡಿಸಿ, ರೋಣ ದಾಟಿಸಿ, ಜಕ್ಕಲಿ ಇನ್ನೇನು ಬಂತು ಎನ್ನುವಾಗ ಮಳೆ ಹೊಯ್ಸಿದೆ. ಕರಿ ಎರೆ ಮಣ್ಣಿನಲ್ಲಿ ಗಾಲಿ ಹೂತವು. ಸಂಜೆ ಅವರು ಅದನ್ನು ನಿನಗೆ ಓದುತ್ತಾ ಗಾಲಿ ನಾಲ್ಕು ಬೆರಳು ಇಳಿದವು ಅಂದರು. ಒಳಗಿನಿಂದ ನಾನು "ನಾಕ ಬೆರಳಲ್ರಿ, ಅರ್ಧ ಗಾಲಿ" ಅಂದೆ. ಮಳೆಯಲ್ಲಿ ಎರೆ ಹೊಲ ದಾಟಿದವಳು ನಾನು. ಅವರು ಪುಸ್ತಕದಿಂದ ತಲೆ ಎತ್ತದೆ, "ನೀ ರೊಟ್ಟಿ ನೋಡ್ಕೋ. ಇಂಗ್ಲೀಷ್ ನಿನಗೇನ್ ತಿಳೀತೈತಿ" ಅಂದರು. ನೀನು ನಕ್ಕೆ. "ಆಯಿಗೆ ಎಬಿಸಿಡಿ ಸುದ್ದಾ ಬರಂಗಿಲ್ಲಜ್ಜಾ" ಅಂದೆ. ಒಂಬತ್ತು ವರ್ಷದವನು, ನಕ್ಕೆ, ಆಯಿತು. ಅವರೂ ನಕ್ಕರು. ಅದನ್ನು ನುಂಗಿಕೊಳ್ಳಲು ನನಗೆ ಆಗಲಿಲ್ಲ.

ಮರುದಿನ ಒಲೆಯ ಮುಂದೆ ಬಂದು ಕೂತು "ಮುಂದ ಏನಾತು, ಹೇಳ" ಅಂದರು. "ನನಗೇನ್ ತಿಳೀತೈತ್ರಿ? ಅದು ಇಂಗ್ಲೀಷ್ ಐತಿ" ಅಂದೆ. ಅದರ ಮರುದಿನವೂ ಕೇಳಿದರು, ಅದೇ ಹೇಳಿದೆ. ಎಂಟು ದಿನ. ತಾವೇ ಕಾರನ್ನು ಹೊರಗೆ ತೆಗೆಯಲು ಹೆಣಗಿದರು. ಒಂದು ಸಂಜೆ ಕಲ್ಲು ಒಟ್ಟಿದರು, ಒಂದು ಸಂಜೆ ಹಗ್ಗ ಹಾಕಿದರು, ನೀನು ಆಕಳಿಸಿದೆ. ಕೊನೆಗೆ ಪುಸ್ತಕ ಮುಚ್ಚಿ "ಉಳಿದದ್ದು ಮುಂದಿನ ತಿಂಗಳ ಪುಸ್ತಕದಾಗ ಐತಿ" ಅಂದರು. ನಿನ್ನ ಸಾಲಿ ತೆರೆಯಿತು, ನೀನು ಧಾರವಾಡದ ಬೋರ್ಡಿಂಗಿಗೆ ಹೋದೆ. ನೀನು ಹನ್ನೊಂದು ವರ್ಷ ಊರೂರು ಹುಡುಕಿದ ಎರಡನೆಯ ಭಾಗ ಇದೇ. ಅದನ್ನು ಯಾರೂ ಅಚ್ಚು ಹಾಕಿಲ್ಲ. ಅದು ನನ್ನ ಬಾಯಲ್ಲಿ ಇತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ.

ದಸರಾ ಮುಂದೆ ಅವರನ್ನು ಗದಗಿನ ದವಾಖಾನೆಗೆ ಹಾಕಿದೆವು. ಮೂಗಿಗೆ ನಳಿಗೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ಆ ಮಧ್ಯಾಹ್ನ ಕರೆದರು. "ಕಲ್ಲವ್ವಾ, ಆ ಗಾಡಿ ಹೊರಗ ಬಂತೇನ?" ನಾನು ಅವರ ಬಾಯಿ ಒರೆಸಿದೆ, ಹೊದಿಕೆ ಸರಿ ಮಾಡಿದೆ. ಆಮೇಲೆ "ನನಗೇನ್ ತಿಳೀತೈತ್ರಿ" ಅಂದೆ. ಮೂರನೆಯ ದಿನ ಹೋದರು. ಕಾರು ಅಲ್ಲೇ ಇದೆ, ಇಪ್ಪತ್ತೊಂಬತ್ತು ವರ್ಷ ಆಯಿತು.

ಇದನ್ನು ಓದಿ ನೀನು ನನ್ನನ್ನು ಏನೆಂದು ತಿಳಿಯುತ್ತೀ ಎಂಬುದು ನನಗೆ ಗೊತ್ತು. ಹಾಗೇ ತಿಳಿ. ನಿನ್ನ ಪುಸ್ತಕದ ಅಜ್ಜ ಇಂಗ್ಲೀಷ್ ಓದಿದ, ಕಾರಿನ ಸದ್ದು ಮಾಡಿದ, ಕವಿಯಾದ. ಅಂಥ ಅಜ್ಜ ಬೇಕಿದ್ದರೆ ಈ ಹಾಳೆಗಳನ್ನು ಒಲೆಗೆ ಹಾಕು, ನಾನು ಕೇಳುವುದಿಲ್ಲ. ಇದನ್ನು ಛಾಪಿಸಿದರೆ ಪುಣೆಯ ನಲವತ್ತು ಮಂದಿ ನಗುತ್ತಾರೆ. ನಕ್ಕರೆ ಹೇಗೆ ಅನ್ನಿಸುತ್ತದೆ ಎಂದು ನಿನಗೂ ತಿಳಿಯಲಿ. ಟ್ರಂಕನ್ನು ಇವತ್ತೇ ಮುನಾವರನ ಟೆಂಪೋದಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದೇನೆ, ಅಲ್ಲಿಂದ ಅವನು ಪುಣೆಯ ಲಾರಿಗೆ ಹಾಕುತ್ತಾನೆ. ಎಲ್ಲ ಪುಸ್ತಕ ಇವೆ. ಕೆಂಪು ಕಾರಿನದೊಂದು ಇಲ್ಲ, ಅದು ನನ್ನ ಸೀರೆಗಳ ಕೆಳಗೆ ಇದೆ, ನಾನು ಇರುವತನಕ ಅಲ್ಲೇ ಇರುತ್ತದೆ.

ನಿನ್ನ ಅವ್ವ ಶೇಂಗಾ ಚಟ್ನಿ ಕಟ್ಟಿದ್ದಾಳೆ, ಉಪ್ಪು ಹೆಚ್ಚಾಗಿದೆ, ನಾನು ಹೇಳಿಲ್ಲ. ನಿನ್ನ ಹೆಂಡತಿ ಅನ್ನಪೂರ್ಣೇಶ್ವರಿಗೆ ನನ್ನ ಆಶೀರ್ವಾದ ಮುಟ್ಟಿಸು. ಈ ಪುಸ್ತಕದಲ್ಲಿ ಆಕೆ ಎಷ್ಟನೆಯ ಪುಟದಲ್ಲಿ ಏನು ಬಡಿಯುತ್ತಿದ್ದಾಳೆ ಎಂದು ಒಮ್ಮೆ ನೋಡಿಕೋ. ಕೆಮ್ಮನ್ನು ಹಾಗೇ ಬಿಡಬೇಡ. ನೂರು ವರ್ಷ ಬಾಳು, ಅದರಲ್ಲಿ ಒಂದಿಷ್ಟು ದಿನವಾದರೂ ಕಿವಿ ತೆರೆದು ಬಾಳು.

ಇಂತಿ ನಿನ್ನ ಆಯಿ,
ಕಲ್ಲವ್ವ

ತಾ.ಕ.: ಮುನಾವರ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಲಗೂ ಬರೆಯುತ್ತೇನೆ. ಎರಡನೆಯ ಭಾಗ ಇದು. ನಿಮ್ಮಜ್ಜನಿಗೆ ಹೇಳದ್ದು ನಿನಗೆ ಹೇಳುತ್ತಿದ್ದೇನೆ, ಒಂದು ಅಕ್ಷರ ತಿದ್ದಬೇಡ. ಅರ್ಧ ಗಾಲಿ ಹೂತಿತ್ತು. ದೂಡಲು ಒಬ್ಬರು ಇಳಿಯಲೇಬೇಕು. ಸಾಹೇಬ ಬೂಟು ಬಿಚ್ಚಿ ಇಳಿದ, ಮೊಣಕಾಲತನಕ ಎರೆ. ಆ ಹೆಣ್ಣುಮಗಳು ವಹಿ ಬದಿಗಿಟ್ಟು, ಈ ಕಡೆ ಸರಿದು ಕೂತು, ಸ್ಟೇರಿಂಗ್ ಹಿಡಿದಳು. ಅವನು ದೂಡಿದ, ಕಾರು ಎದ್ದಿತು. ನಿಲ್ಲಿಸು ನಿಲ್ಲಿಸು ಎಂದು ಕೂಗಿದ. ಆಕೆ ಗಡಿಯಾರ ನೋಡಿಕೊಂಡಳು. ಅವನು ಅರವತ್ತು ಎಣಿಸುವುದರೊಳಗೆ ಜಕ್ಕಲಿ ದಾಟಿದ್ದಳು.