ಆರು ಗುಂಡಿಗಳ ಹೊಗೆಯೂ ನಾನು ತುಂಬಿಸಿದ ನಮೂನೆಯೂ

ಮಾನ್ಯರೇ,

ಬರುವ ಸೋಮವಾರ ತಮ್ಮ ಕಚೇರಿಯವರು ಮೀಂಜಕ್ಕೆ ಬಂದು ಹರಿಣಾಕ್ಷಿಯ ಇದ್ದಿಲು ಗುಂಡಿಗಳಿಗೆ ಮುದ್ರೆ ಹಾಕಿ ಕೆಲಸ ನಿಲ್ಲಿಸಲಿದ್ದಾರೆ. ಜಿಲ್ಲೆಯ ಹೊಗೆಯನ್ನು ಅಳೆದು ತಗ್ಗಿಸುವ ಹೊಣೆ ಹೊತ್ತ ತಮಗೆ ಇದು ಕಡತದ ಒಂದು ಸಾಲು. ಮೂವತ್ತಮೂರು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಧೈರ್ಯ ಹೇಳಿದ ನಾನು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ: ನನಗೆ ಭಯವಾಗಿದೆ.

ಹರಿಣಾಕ್ಷಿ ನನ್ನ ಹಳೆಯ ವಿದ್ಯಾರ್ಥಿನಿ. ತೆಂಗಿನ ಗೆರಟೆಯನ್ನು, ಅಂದರೆ ಕಾಯಿಯ ಚಿಪ್ಪನ್ನು, ನೆಲದ ಗುಂಡಿಯಲ್ಲಿ ಉರಿಸಿ, ಹದ ನೋಡಿ ತಗಡು ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿ ಇದ್ದಿಲು ಮಾಡಿಸುತ್ತಾಳೆ. ಒಂಬತ್ತು ಮಂದಿ ಹೆಂಗಸರೂ ಬಟ್ಯನೆಂಬ ಮುದುಕನೂ ಅವಳಲ್ಲಿ ದುಡಿಯುತ್ತಾರೆ. ಹೊಗೆಯ ಬಣ್ಣ ನೋಡಿ “ಈಗ ಮುಚ್ಚಿ” ಎನ್ನುವವನು ಬಟ್ಯ. ಅವನಿಗಿಂತ ನಿಖರವಾದ ಮಾಪಕ ತಮ್ಮಲ್ಲಿದೆಯೇ ಎಂಬುದು ನನ್ನ ಅನುಮಾನ. ಆ ಇದ್ದಿಲು ಕಾರ್ಖಾನೆಗೆ ಹೋಗಿ ನೀರು ಶೋಧಿಸುವ ಪುಡಿಯಾಗುತ್ತದೆ. ತಮ್ಮ ಕಚೇರಿಯ ನೀರಿನ ಯಂತ್ರದೊಳಗೂ ಬಹುಶಃ ಅದೇ ಉಂಟು. ಮುಂದಿನ ಲೋಟ ಕುಡಿಯುವಾಗ ಒಮ್ಮೆ ನೆನೆಯಿರಿ.

ಹವಾಮಾನ ಕೆಟ್ಟಿರುವುದನ್ನು ನಾನು ಅಲ್ಲಗಳೆಯುವವನಲ್ಲ. ಮಾರ್ಚಿನಲ್ಲೇ ಬಾವಿಯ ತಳ ಕಂಡಿದ್ದೇನೆ, ಬಿಸಿಲಿಗೆ ಉದುರಿದ ತೆಂಗಿನ ಮಿಡಿಗಳನ್ನು ಗುಡಿಸಿದ್ದೇನೆ. ಆ ಭಯವೂ ನನ್ನದೇ. ಹೊಗೆ ಕಡಿಮೆಯಾಗಲೇಬೇಕು. ಆದರೆ ತೆರೆದ ಗುಂಡಿ ಬಿಟ್ಟು ಮುಚ್ಚಿದ ಕುಲುಮೆ ಹಾಕಿರೆಂಬ ತಮ್ಮ ನಿಯಮ ಹೊಗೆಯನ್ನು ಕಡಿಮೆ ಮಾಡುತ್ತದೆಯೋ, ಬರೇ ಊರು ಬದಲಿಸುತ್ತದೆಯೋ? ನಮ್ಮಿಂದ ಮೂರು ಕಿಲೋಮೀಟರಿಗೆ ರಾಜ್ಯದ ಗಡಿ. ಆಚೆ ಈ ನಿಯಮವಿಲ್ಲ. ಗೆರಟೆ ವ್ಯಾಪಾರಿ ಧನರಾಜ್ ಈಗಾಗಲೇ ಅಲ್ಲಿ ಗುಂಡಿ ತೋಡಿಸಿದ್ದಾನೆ. ನಮ್ಮದೇ ತೆಂಗು, ನಮ್ಮದೇ ಗೆರಟೆ, ಅದೇ ಬಾಯಿ ತೆರೆದ ಗುಂಡಿ, ಮೇಲಾಗಿ ಲಾರಿಯ ಹೊಗೆ. ತಾವು ಹೇಳುವ ಮುಚ್ಚಿದ ಉಕ್ಕಿನ ಕುಲುಮೆಯಲ್ಲಿ ಸುಟ್ಟ ಇದ್ದಿಲು ಉತ್ತಮವೇ, ಆದರೆ ದುಬಾರಿ. ಕೊಳ್ಳುವ ಕಾರ್ಖಾನೆ ಇದ್ದಿಲನ್ನು ತೂಗುತ್ತದೆಯೇ ಹೊರತು ಅದರ ಹೊಗೆ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ಒಬ್ಬನ ಕಾಲಿಗೆ ಮಾತ್ರ ಕಲ್ಲು ಕಟ್ಟಿ ಇಬ್ಬರನ್ನೂ ಓಡಿಸುವುದು ಎಂಥ ಪೈಪೋಟಿ?

“ಎಂತ ಮಾಷ್ಟ್ರೇ, ಆಚೆಯ ಹೊಗೆ ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ತೋರಿಸಿ ಬರ್ತದಾ?” ಎಂದು ಬಟ್ಯ ಕೇಳಿದ. ತಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಅವನಿಗೆ ತಿಳಿಸಿ.

ಇಷ್ಟು ತಮ್ಮ ತಪ್ಪು. ಇನ್ನು ನನ್ನದು.

ಆರು ತಿಂಗಳ ಹಿಂದೆ ತಮ್ಮ ಕಚೇರಿಯಿಂದ ಹರಿಣಾಕ್ಷಿಗೆ ಒಂದು ನಮೂನೆ ಬಂತು. ಕನ್ನಡದಲ್ಲಿ! ಮಲಯಾಳದ ರಾಜ್ಯಕ್ಕೆ ಸೇರಿಹೋದ ಈ ಜಿಲ್ಲೆಯ ಕನ್ನಡಿಗನ ಕೈಗೆ ಸರಕಾರದ ಕನ್ನಡ ಕಾಗದ ಸಿಗುವುದೆಂದರೆ ಏನೆಂದು ತಮಗೆ ಹೇಗೆ ತಿಳಿಯಬೇಕು? ಅದಕ್ಕಾಗಿ ಎಷ್ಟು ಮನವಿಗಳಿಗೆ ಸಹಿ ಹಾಕಿದವನು ನಾನು! ನಾನೇ ತುಂಬಿಸುತ್ತೇನೆಂದು ಕನ್ನಡಕ ಒರೆಸಿ ಕುಳಿತೆ. ಒಂದು ಖಾನೆ ಖಾಲಿ ಉಳಿದರೂ ‘ಕನ್ನಡದ ನಮೂನೆ ಇವರಿಗೆ ಬೇಕಾಗಿಲ್ಲ’ ಎಂದು ತಾವು ಷರಾ ಬರೆದೀರೆಂಬ ಆತಂಕ. ‘ಗರಿಷ್ಠ ಸಾಮರ್ಥ್ಯ’ ಎಂಬಲ್ಲಿ ಆರು ಗುಂಡಿ ಎಂದು ಬರೆದೆ.

“ಉರಿಸುವುದು ಎರಡೇ ಅಲ್ವಾ ಮಾಷ್ಟ್ರೇ? ಅದೂ ಮಳೆಗಾಲದಲ್ಲಿ ಇಲ್ಲ. ಉಳಿದದ್ದರಲ್ಲಿ ಕೆಸು ಬೆಳೆದಿದೆ” ಎಂದಳು ಹರಿಣಾಕ್ಷಿ.

“ಕೇಳಿದ್ದು ಸಾಮರ್ಥ್ಯ. ಕೇಳಿದ್ದಕ್ಕೆ ಉತ್ತರ ಬರೆಯಬೇಕು” ಎಂದು ಗದರಿದೆ. ಐದನೇ ತರಗತಿಯ ಹುಡುಗಿಯಂತೆ ತಲೆಯಾಡಿಸಿ, ನಾನು ತೋರಿಸಿದಲ್ಲಿ ಸಹಿ ಹಾಕಿದಳು.

ತಮ್ಮವರು ಆರನ್ನು ವರ್ಷದ ಎಲ್ಲ ದಿನಗಳಿಂದ ಗುಣಿಸಿದರು. ಸ್ಥಳಕ್ಕೆ ಒಬ್ಬರೂ ಬರಲಿಲ್ಲ. ಹರಿಣಾಕ್ಷಿ ಬೃಹತ್ ಮಾಲಿನ್ಯಕಾರಿಗಳ ಪಟ್ಟಿಗೆ ಸೇರಿದಳು. ಕುಲುಮೆ ಹಾಕಲು ಸಣ್ಣವರಿಗಿರುವ ಎರಡು ವರ್ಷದ ಗಡುವು ಅವಳಿಗೆ ಮೂವತ್ತು ದಿನವಾಯಿತು. ಆ ಆದೇಶ ಮಾತ್ರ ಮಲಯಾಳದಲ್ಲಿ ಬಂತು.

ಅವಳು ನನ್ನನ್ನು ಬೈಯಲಿಲ್ಲ. “ನಿಮ್ಮ ಅಕ್ಷರ ಚಂದ ಅಲ್ವಾ ಮಾಷ್ಟ್ರೇ, ಅವರಿಗೆ ಓದಲಿಕ್ಕೆ ಕಷ್ಟವೇ ಆಗಲಿಲ್ಲ” ಎಂದು ನಕ್ಕಳು. ಸೋಮವಾರದ ಬಳಿಕ ಆ ಒಂಬತ್ತು ಹೆಂಗಸರು ಧನರಾಜನ ಗುಂಡಿಗಳಿಗೆ ಬಸ್ಸು ಹತ್ತಿಯಾರು. ಹರಿಣಾಕ್ಷಿ ಎಲ್ಲಿಗೆ ಹೋಗಬೇಕು?

ಆದ್ದರಿಂದ ಒತ್ತಾಯಿಸುತ್ತೇನೆ: ಸ್ಥಳ ಪರಿಶೀಲನೆ ಮುಗಿಯುವ ತನಕ ಮುದ್ರೆ ಹಾಕಬೇಡಿ. ಸಣ್ಣವರೆಲ್ಲ ಸೇರಿ ಬಳಸುವಂತೆ ಪಂಚಾಯತಿಗೊಂದು ಕುಲುಮೆ ಕೊಡಿ. ಆಚೆಯ ಸರಕಾರದೊಡನೆ ಮಾತಾಡಿ ಗಡಿಯ ಎರಡೂ ಬದಿಗೆ ಒಂದೇ ನಿಯಮ ತನ್ನಿ. ಸೋಮವಾರ ನಾನು ಆರನೆಯ ಗುಂಡಿಯ ಅಂಚಿನಲ್ಲಿ, ಕೆಸುವಿನ ಪಕ್ಕ ಕುಳಿತಿರುತ್ತೇನೆ. ಬರುವಾಗ ತಿದ್ದುಪಡಿಯ ನಮೂನೆ ತನ್ನಿ. ಯಾವ ಭಾಷೆಯದ್ದಾದರೂ ಸರಿ. ಈ ಸಲ ಅವಳು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಇಂತಿ,
ಖಾನೆ ಖಾಲಿ ಬಿಡಲು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲಿಯುತ್ತಿರುವ
ತಿರುಮಲೇಶ್ವರ, ನಿವೃತ್ತ ಅಧ್ಯಾಪಕ
ಮೀಂಜ