ನಿನಗೆಂದು ಅಗಿದದ್ದು

೧೪ ಮಾರ್ಚ್, ಗುರುವಾರ ಸಂಜೆ

ಪ್ರೀತಿಯ ಕಡ್ಡಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಅದನ್ನು ನಿನ್ನ ಹೆಂಡತಿ ದಿನಾ ಫೋನಿನಲ್ಲಿ ಹೇಳುತ್ತಾಳೆ. ಇವತ್ತು ಕಣ್ಣು ಇನ್ನಷ್ಟು ಹಳದಿ, ಇವತ್ತು ಕಾಲಿನ ಊತ ಸ್ವಲ್ಪ ಇಳಿದಿದೆ, ಇವತ್ತು ದಿಂಬಿನ ವಿಷಯಕ್ಕೆ ನರ್ಸ್ ಜೊತೆ ಜಗಳ. ನೀನು ಜಗಳವಾಡಿದ ದಿನ ನಾನೂ ನಿನ್ನ ಅತ್ತಿಗೆಯೂ ನೆಮ್ಮದಿಯಾಗಿ ಊಟ ಮಾಡುತ್ತೇವೆ.

ಐದು ತಿಂಗಳಿಂದ ನಾನು ಒಂದು ಸಾಲು ಬರೆದಿಲ್ಲ, ನಿನ್ನ ವಾರ್ಡಿನ ಕಡೆ ತಲೆ ಹಾಕಿಲ್ಲ. ನೀನು ಏನಂದುಕೊಂಡಿರುತ್ತೀಯೋ ಊಹಿಸಬಲ್ಲೆ. ಕ್ಷಮಿಸು ಅಂತ ಆಮೇಲೆ ನಿಧಾನವಾಗಿ ಕೇಳುತ್ತೇನೆ. ಮೊದಲು ಸುದ್ದಿ, ಇಲ್ಲದಿದ್ದರೆ ನನ್ನ ಎದೆ ಒಡೆದುಹೋದೀತು: ನನ್ನ ಲಿವರಿನ ಒಂದು ಭಾಗವನ್ನು ನಿನಗೆ ಕೊಡಬಹುದಂತೆ. ಇವತ್ತು ಮಧ್ಯಾಹ್ನ ಡಾಕ್ಟರು ಹೇಳಿದರು. ಕೊಡಬಹುದು! ಮೆಟ್ಟಿಲು ಇಳಿಯುವಾಗ ಗುರುತಿಲ್ಲದ ಮುದುಕರೊಬ್ಬರು ಎದುರಾದರು, ಅವರಿಗೂ ಹೇಳಿಬಿಟ್ಟೆ. "ಒಳ್ಳೇದಾಯ್ತಪ್ಪ" ಅಂದರು. ಏನೆಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಫೋನ್ ಮಾಡಬಹುದಿತ್ತು ಅನ್ನುತ್ತೀಯ. ದಿನವಿಡೀ ಗಾಜಿನ ಕೋಣೆಯಲ್ಲಿ ಕುಳಿತು, ಕಣ್ಣು ಕಾಣದವರಿಗಾಗಿ ಬೇರೆಯವರ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಸುವವನು ನಾನು. ನನ್ನದೇ ಮಾತು ಆಡಬೇಕಾದಾಗ ಗಂಟಲು ಎಲ್ಲೋ ಹೋಗಿರುತ್ತದೆ. ನೀನೂ ಫೋನಿನಲ್ಲಿ ಹೂಂ ಹೂಂ ಅನ್ನುವವನೇ. ಇಬ್ಬರು ಮೂಕರಿಗೆ ಕಾಗದವೇ ವಾಸಿ.

ಆಗಿದ್ದಿಷ್ಟು. ನೀನು ಆಸ್ಪತ್ರೆ ಸೇರಿದ ವಾರ ನಿನ್ನ ಹೆಂಡತಿ ನಮ್ಮ ಮನೆಗೆ ಬಂದಳು. ಬೇರೆ ಲಿವರ್ ಹಾಕದೆ ದಾರಿಯಿಲ್ಲ, ಕಾಯುವವರ ಸಾಲಿನಲ್ಲಿ ಹೆಸರು ಬರೆಸಿದ್ದೇವೆ, ಆದರೆ ಆ ಸಾಲು ಯಾವಾಗ ಮುಂದೆ ಸರಿಯುತ್ತದೋ ದೇವರಿಗೇ ಗೊತ್ತು, ಬದುಕಿರುವವರೂ ಒಂದು ಭಾಗ ಕೊಡಬಹುದು ಎಂದಳು. ಅವಳ ರಕ್ತದ ಗುಂಪು ನಿನ್ನದಕ್ಕೆ ಹೊಂದಲಿಲ್ಲ. ನನ್ನದು ಹೊಂದಿತು. ಕತ್ತರಿಸಿಕೊಟ್ಟ ಮೇಲೂ ಅದು ಮತ್ತೆ ಬೆಳೆಯುತ್ತದಂತೆ, ಕೊಟ್ಟವನಲ್ಲೂ ತೆಗೆದುಕೊಂಡವನಲ್ಲೂ. ಇಷ್ಟು ಧಾರಾಳದ ಅಂಗವೊಂದನ್ನು ಹೊತ್ತುಕೊಂಡು ಇಷ್ಟು ವರ್ಷ ಓಡಾಡಿದ್ದೇನೆ ಎಂಬುದೇ ನನಗೆ ಹೊಸದು.

ಆದರೆ ಸ್ಕ್ಯಾನ್ ನೋಡಿದ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಕೆಟ್ಟ ಸುದ್ದಿ ಎಂದು ಅಷ್ಟರಲ್ಲಿ ಕಲಿತಿದ್ದೆ.

"ಎಣ್ಣೇಲಿ ಅದ್ದಿದ ಸ್ಪಂಜ್ ಇದ್ದ ಹಾಗಿದೆ ನಿಮ್ಮ ಲಿವರು, ಬರೀ ಕೊಬ್ಬು. ಇದನ್ನ ಅವರಿಗೆ ಇಟ್ರೆ ಅಲ್ಲಿ ಕೆಲಸ ಶುರು ಮಾಡುತ್ತೆ ಅಂತ ನಾನು ಹೇಳಲಾರೆ. ನಿಮಗೂ ಅಪಾಯ."

"ಔಷಧಿ ಕೊಡಿ."

"ಔಷಧಿ ಅಲ್ಲ ಸ್ವಾಮಿ, ತೂಕ ಇಳಿಸಿ. ಆಮೇಲೆ ನೋಡೋಣ."

ಹೊರಗೆ ಬಂದಾಗ ನಿನ್ನ ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು. "ಭಾವ, ಇದನ್ನ ಅವರಿಗೆ ಹೇಳೋದು ಬೇಡ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅಂದ್ರೆ ಆ ಮುಖ ನನ್ನ ಕೈಲಿ ನೋಡಕ್ಕಾಗಲ್ಲ." ಆಗಲಿ ಎಂದೆ. ನಿನ್ನ ಮಂಚದ ಪಕ್ಕ ಬಂದು ಕುಳಿತರೆ ನನ್ನ ಮುಖವೇ ಬಾಯಿಬಿಡುತ್ತಿತ್ತು. ಅದಕ್ಕೇ ಬರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಊಟದ ಸಲಹೆ ಕೊಡುವ ಒಬ್ಬ ಹೆಂಗಸು ಕೂರುತ್ತಾರೆ. ಸಣ್ಣ ದೇಹ, ದೊಡ್ಡ ಧ್ವನಿ. ನಾನು ಏನೇನು ತಿನ್ನುತ್ತೇನೆ ಎಂದು ಕೇಳಿದರು. ಹೇಳುತ್ತಾ ಹೋದಂತೆ ಅದು ಯಾರೋ ಪರಿಚಯದವನ ಮೇಲಿನ ಚಾಡಿಯಂತೆ ಕೇಳಿಸಿತು. ಬಿಳಿ ಬ್ರೆಡ್, ಬಿಸ್ಕತ್ತು, ಕರಿದದ್ದು, ಮತ್ತೆ ಬಿಸ್ಕತ್ತು.

"ಎಲ್ಲಾ ಮೆತ್ತಗಿರೋದೇ! ಹಲ್ಲು ಯಾಕೆ ಇಟ್ಕೊಂಡಿದೀರ? ಉಪವಾಸ ಬೀಳಬೇಡಿ. ನಾರು ತಿನ್ನಿ. ತರಕಾರಿ, ಕಾಳು, ಸಿಪ್ಪೆ ಸಮೇತ ಹಣ್ಣು, ಓಟ್ಸು. ಹೊಟ್ಟೆ ತುಂಬಿರುತ್ತೆ, ಕೈ ತಾನಾಗೇ ಬಿಸ್ಕತ್ತಿನ ಡಬ್ಬಿಗೆ ಹೋಗಲ್ಲ. ಆದ್ರೆ ನಿಧಾನ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ನೀರು ಚೆನ್ನಾಗಿ ಕುಡೀರಿ."

ನಿಧಾನ, ನೀರು: ಇವೆರಡೂ ನನ್ನ ಕಿವಿಯ ಪಕ್ಕದಿಂದ ಹಾದುಹೋದವು. ನಿನ್ನ ಕಣ್ಣು ಹಳದಿಯಾಗುತ್ತಿರುವಾಗ ನಿಧಾನ ಎಂದರೆ ಏನರ್ಥ? ಮರುದಿನವೇ ಬೆಳಿಗ್ಗೆ ಒಂದು ಬಟ್ಟಲು ಗೋಧಿ ತವುಡು, ಮಧ್ಯಾಹ್ನ ಬೆಂದ ಕಡಲೆ, ಸಂಜೆ ಹಸಿ ಎಲೆಕೋಸು. ನೀರಂತೂ ನನ್ನ ಕಸುಬಿನಲ್ಲಿ ಗುಟುಕು ಮಾತ್ರ. ಓದುತ್ತಾ ಮಧ್ಯೆ ಎದ್ದು ಶೌಚಾಲಯಕ್ಕೆ ಹೋಗಿಬಂದರೆ ಧ್ವನಿಯ ಮಟ್ಟ ಬದಲಾಗಿ, ಒಂದೇ ಅಧ್ಯಾಯವನ್ನು ಇಬ್ಬರು ಓದಿದಂತೆ ಕೇಳುತ್ತದೆ. ಆ ಭಯಕ್ಕೆ ವರ್ಷಗಳಿಂದ ಬಾಯಿ ಒದ್ದೆ ಮಾಡಿಕೊಂಡೇ ಬದುಕಿದವನು. ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಡೋಲಿನಂತೆ ಉಬ್ಬಿತು, ಒಳಗೆ ಏನೋ ಹೆಪ್ಪುಗಟ್ಟಿ ಕುಳಿತು ಅಲುಗಾಡಲೊಲ್ಲದು. ಬೆಳಗಿನ ಹೊತ್ತು ನಾನು ಶೌಚಾಲಯದಲ್ಲಿ ಕಳೆದ ಸಮಯದಲ್ಲಿ ಒಂದು ಸಣ್ಣ ಕಾದಂಬರಿ ಮುಗಿಸಬಹುದಿತ್ತು. ನಿನ್ನ ಅತ್ತಿಗೆ ಬಾಗಿಲು ತಟ್ಟಿ, "ಏನ್ರೀ, ಅಲ್ಲೇ ಹಾಸಿಗೆ ಹಾಕ್ಕೊಡಲಾ?" ಎಂದಳು.

ಇದನ್ನು ಹೋಗಿ ಹೇಳಿದಾಗ ನೆಲಮಾಳಿಗೆಯ ಹೆಂಗಸು ನಗಲಿಲ್ಲ. "ಒಣ ಸಿಮೆಂಟ್ ಸುರಿದು ನೀರು ಹಾಕದಿದ್ರೆ ಹೇಗೆ? ನಾಳೆಯಿಂದ ಬಾಟಲಿ ಹಿಡ್ಕೊಂಡು ಓಡಾಡಿ. ತವುಡು ಎರಡೇ ಚಮಚ. ಇದು ಓಟದ ಪಂದ್ಯ ಅಲ್ಲ."

ನನಗೆ ಅದು ಓಟದ ಪಂದ್ಯವೇ ಆಗಿತ್ತು. ಯಾರ ಜೊತೆ ಓಡುತ್ತಿದ್ದೇನೆ ಎಂದು ಅವರಿಗೆ ಹೇಳಲಿಲ್ಲ.

ನೀರು ಕುಡಿದೆ. ಒಳಗಿನದು ಚಲಿಸಿತು. ಆದರೆ ಚಲಿಸುವುದು ಎಂದರೆ ಸದ್ದು, ಕಡ್ಡಿ! ನನ್ನ ಕೋಣೆಯ ಗೋಡೆಗಳಿಗೆ ದಪ್ಪನೆಯ ಸ್ಪಂಜು ಹೊದಿಸಿದ್ದಾರೆ, ಅಲ್ಲಿ ರೆಪ್ಪೆ ಮಿಟುಕಿಸಿದರೂ ಕೇಳುತ್ತದೆಯೇನೋ ಅನ್ನುವಷ್ಟು ಮೌನ. ಒಂದು ಕಾದಂಬರಿಯಲ್ಲಿ ತಾಯಿ ಸಾಯುವ ಪುಟ ಓದುತ್ತಿದ್ದೆ. ಮಗ ಅವಳ ಕೈ ಹಿಡಿದುಕೊಂಡಿದ್ದಾನೆ, ಅವಳು ಕೊನೆಯ ಮಾತಿಗೆ ತುಟಿ ತೆರೆಯುತ್ತಾಳೆ. ಅಲ್ಲಿ ಒಂದು ಕ್ಷಣ ನಿಲ್ಲಿಸಿದೆ. ಆ ನಿಲುಗಡೆಯಲ್ಲಿ ನನ್ನ ಹೊಟ್ಟೆ, ಬಾವಿಯ ತಳದಿಂದ ಎಮ್ಮೆ ಕೂಗಿದ ಹಾಗೆ, ದೀರ್ಘವಾಗಿ ಮಾತಾಡಿತು.

ಗಾಜಿನಾಚೆ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತಿಟ್ಟು ಮೇಜಿನ ಮೇಲೆ ತಲೆ ಇಟ್ಟ. ಹೆಗಲು ಕುಲುಕುತ್ತಿತ್ತು. ಆಮೇಲೆ ಮೈಕಿನಲ್ಲಿ, "ಸಾರ್, ಇನ್ನೊಂದ್ಸಲ. ತಾಯಿಯ ಕೊನೇ ಮಾತು ಸ್ವಲ್ಪ ಅಸ್ಪಷ್ಟವಾಗಿತ್ತು."

ಅಂದಿನಿಂದ ಅವನು ಆ ಸದ್ದುಗಳನ್ನೆಲ್ಲ ಅಳಿಸದೆ ಒಂದು ಕಡೆ ಕೂಡಿಡುತ್ತಿದ್ದಾನೆ. ಮಕ್ಕಳ ನಾಟಕವೊಂದಕ್ಕೆ ಗುಡುಗು ಬೇಕಿತ್ತಂತೆ, ನನ್ನದನ್ನೇ ಹಾಕಿದ್ದಾನೆ. "ಅಸಲಿ ಗುಡುಗಿಗಿಂತ ಚೆನ್ನಾಗಿ ಬಂತು ಸಾರ್. ಮಿಂಚೂ ಬರುತ್ತಾ ನೋಡಿ." ನೀನು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹೊಲಿಗೆ ಬಿಚ್ಚುವವರೆಗೆ ನೀನು ನಗುವ ಹಾಗಿಲ್ಲವಾದ್ದರಿಂದ ಈಗಲೇ ಹೇಳಿದ್ದೇನೆ, ಈಗಲೇ ನಕ್ಕುಬಿಡು.

ಮನೆಯಲ್ಲಿ ಬೇರೆ ನಾಟಕ. "ನಾನು ಗಂಡನ್ನ ಸಾಕಿದೀನೋ ಮೊಲ ಸಾಕಿದೀನೋ ಗೊತ್ತಾಗ್ತಿಲ್ಲ" ಎಂದು ನಿನ್ನ ಅತ್ತಿಗೆ ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಾಳೆ. ಆದರೆ ಸೇಬಿನ ಸಿಪ್ಪೆ ಹೆರೆಯುವುದನ್ನು ಅವಳೂ ಬಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ಹುರುಳಿಕಾಯಿ ಬೇಯಿಸಿ ಇಡುತ್ತಾಳೆ, ಆದ್ದರಿಂದ ಬರುವವರು ಕಡಿಮೆಯಾಗಿದ್ದಾರೆ. ಬೆಲ್ಟಿಗೆ ಹೊಸ ತೂತು ಹಾಕಿಸಲು ಹೋದಾಗ ಚಮ್ಮಾರ, "ಏನ್ ಸಾರ್, ಕಾಯಿಲೆನಾ?" ಎಂದು ದನಿ ತಗ್ಗಿಸಿ ಕೇಳಿದ. ಇಲ್ಲ, ನನಗಲ್ಲ ಎಂದೆ. ಅವನು ಬೆಲ್ಟನ್ನು, ನನ್ನನ್ನು, ಮತ್ತೆ ಬೆಲ್ಟನ್ನು ನೋಡಿದ.

ಒಂದು ವಿಚಿತ್ರ ಹೇಳುತ್ತೇನೆ. ನಾರನ್ನು ನುಂಗಲಾಗುವುದಿಲ್ಲ, ಅಗಿಯಬೇಕು. ಒಂದು ಕ್ಯಾರೆಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿನಗೆ ಗೊತ್ತಿಲ್ಲ. ಅಷ್ಟು ಹೊತ್ತು ಮನುಷ್ಯ ಏನನ್ನಾದರೂ ನೆನೆಯಲೇಬೇಕು. ಮೊದಮೊದಲು ನಾಳೆ ಓದಬೇಕಾದ ಪುಟಗಳನ್ನು ನೆನೆಯುತ್ತಿದ್ದೆ. ಆಮೇಲೆ ನೀನು ಬರತೊಡಗಿದೆ. ಸೈಕಲ್ಲಿನ ಹಿಂದೆ ನಿಂತು ನನ್ನ ಹೆಗಲು ಹಿಡಿದುಕೊಳ್ಳುತ್ತಿದ್ದ ನೀನು, ನಿನ್ನ ಮೊಣಕೈಯ ಚೂಪು ಮೂಳೆ. ನಾವಿಬ್ಬರೂ ಮಾತಾಡಿಕೊಂಡವರಲ್ಲ. ಈ ಐದು ತಿಂಗಳಲ್ಲಿ ದಿನಕ್ಕೆ ಮೂರು ಹೊತ್ತು, ಬಾಯಿ ತುಂಬಿಕೊಂಡು, ನಿನ್ನೊಡನೆ ಇದ್ದೆ. ನಾರು ನಮ್ಮ ಮೈಗೆ ಸೇರುವುದೇ ಇಲ್ಲವಂತೆ, ಸುಮ್ಮನೆ ಹಾದುಹೋಗುತ್ತದೆ, ಹೋಗುತ್ತಾ ಅಷ್ಟಿಷ್ಟು ಒಳ್ಳೆಯದು ಮಾಡುತ್ತದೆ. ಬೇರೆಯವರ ಮಾತು ಬಾಯಲ್ಲಿ ಹಾದುಹೋಗುವ ನನ್ನಂಥವನಿಗೆ ಇದು ಅರ್ಥವಾಗುವ ಸಂಗತಿ.

ಸಂಜೆ ನಡೆಯುತ್ತೇನೆ. ಮೊದಲು ಬೀದಿಯ ಕೊನೆಯ ಔಷಧಿ ಅಂಗಡಿಯವರೆಗೆ, ಈಗ ಸೇತುವೆ ದಾಟಿ ಗಿರಣಿಯ ಗೋಡೆಯವರೆಗೆ. ಅಲ್ಲಿಂದ ನಿನ್ನ ಆಸ್ಪತ್ರೆಯ ಮೇಲಿನ ಮಹಡಿ ಕಾಣುತ್ತದೆ. ಅಷ್ಟು ನೋಡಿ ಹಿಂದಿರುಗುತ್ತೇನೆ.

ಇವತ್ತು ಮತ್ತೆ ಸ್ಕ್ಯಾನ್. ಬೆಳಗಿನಿಂದ ಬರೀ ಹೊಟ್ಟೆ, ಆದರೂ ಹಸಿವಿಲ್ಲ. ಡಾಕ್ಟರು ಪರದೆ ನೋಡಿದರು. ಹಳೆಯ ಚಿತ್ರ ತರಿಸಿ ಪಕ್ಕಕ್ಕಿಟ್ಟು ನೋಡಿದರು. ಅವರ ಕೈ ಕನ್ನಡಕದ ಕಡೆ ಹೋಯಿತು. ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, "ಯಾರ್ದ್ರೀ ಇದು? ನಿಮ್ಮದೇನಾ?" ಎಂದರು.

"ಯಾಕೆ ಡಾಕ್ಟ್ರೇ?"

"ಹುಡುಗರ ಲಿವರ್ ಇದ್ದ ಹಾಗಿದೆ. ಏನು ತಿಂದ್ರಿ?"

"ಎಲ್ಲಾನೂ. ಸಿಪ್ಪೆ ಸಮೇತ."

ಅವರು ನಕ್ಕರು. ಇನ್ನೆರಡು ಪರೀಕ್ಷೆ, ಒಂದು ಸಹಿ, ಮುಂದಿನ ವಾರದ ಕೊನೆಗೆ ಆಪರೇಷನ್ ಎಂದರು. ಕಾರಿಡಾರಿನಲ್ಲಿ ನಿನ್ನ ಹೆಂಡತಿ ಕಾಯುತ್ತಿದ್ದಳು. ಎರಡೂ ಕೈ ಎತ್ತಿದೆ, ಅವಳು ಗೋಡೆಗೆ ಒರಗಿ ಹಾಗೇ ಕುಸಿದು ಕುಳಿತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಭಾವ, ನಾಳೆ ನೀವೇ ಬಂದು ಅವರಿಗೆ ಹೇಳಿ. ನಾನು ಹೇಳಲ್ಲ" ಎಂದಳು. ಬರುತ್ತೇನೆ. ಬಂದರೆ ಬಾಯಿ ಬರುವುದಿಲ್ಲವೆಂದು ಈ ಕಾಗದ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಕಿಟಕಿಯಿಂದ ಹೊರಗೆ ನೋಡುತ್ತಾ ನಿಲ್ಲುತ್ತೇನೆ.

ಬೇಡ ಅನ್ನಬೇಡ. ಚಿಕ್ಕಂದಿನಿಂದ ನನ್ನ ಬಟ್ಟೆ, ನನ್ನ ಪುಸ್ತಕ, ನನ್ನ ಚಪ್ಪಲಿ ನಿನಗೇ ಬರುತ್ತಿತ್ತು, ನೀನು ಮೂತಿ ಉಬ್ಬಿಸಿಕೊಂಡೇ ಹಾಕಿಕೊಳ್ಳುತ್ತಿದ್ದೆ. ಇದೂ ಹಳೆಯದೇ, ಆದರೆ ಈ ಸಲ ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದೇನೆ.

ನಿನ್ನ ಹೆಂಡತಿಯ ನಿದ್ದೆ ಅವಳಿಗೆ ಮರಳಲಿ. ನಿನ್ನ ಕಣ್ಣು ಮತ್ತೆ ಬೆಳ್ಳಗಾಗಲಿ. ನನ್ನ ಪಾಲಿನ ವರ್ಷಗಳಲ್ಲಿ ನಿನಗೆ ಬೇಕಾದಷ್ಟು ಸೇರಿಸಿಕೊಂಡು ನೀನು ಮುದುಕನಾಗು, ಬೊಜ್ಜು ಬಂದು ಕಡ್ಡಿ ಎಂಬ ಹೆಸರು ಸುಳ್ಳಾಗಲಿ.

ಇಂತು ನಿನ್ನ
ಅಣ್ಣ

ತಾ.ಕ. ಶುಕ್ರವಾರ ಬೆಳಿಗ್ಗೆ. ಲಕೋಟೆ ಅಂಟಿಸುತ್ತಿದ್ದೆ, ನಿನ್ನ ಹೆಂಡತಿಯ ಫೋನ್ ಬಂತು. ನಿನಗೆ ಲಿವರ್ ಸಿಕ್ಕಿದೆಯಂತೆ. ಅಪಘಾತದಲ್ಲಿ ಮೆದುಳು ನಿಂತುಹೋದ ಯಾರದೋ ಮನೆಯವರು ಒಪ್ಪಿದ್ದಾರೆ, ಕಾಯುವವರ ಸಾಲಿನಲ್ಲಿ ನಿನ್ನ ಸರದಿ ಬಂದಿದೆ, ನಿನ್ನನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದಾರೆ. "ಇಡೀದೇ ಸಿಕ್ತು ಭಾವ! ನೀವು ಕೊಯ್ಸಿಕೊಳ್ಳೋದು ತಪ್ತು!" ಎಂದು ಅವಳು ಕೂಗುತ್ತಿದ್ದಳು. ನಾನೂ ಕೂಗಿದೆ. ನಿನ್ನ ಅತ್ತಿಗೆ ಓಡಿಬಂದು ನನ್ನ ಕುತ್ತಿಗೆ ಹಿಡಿದುಕೊಂಡಳು. ಸಂತೋಷವಾಗಿದೆ, ಕಡ್ಡಿ, ನಿಜಕ್ಕೂ.

ಆದರೆ ಫೋನ್ ಇಟ್ಟ ಮೇಲೆ ನನ್ನೊಳಗೆ ಇನ್ನೊಂದು ಎದ್ದಿತು. ಸತ್ತುಹೋದ, ಮುಖ ಕಾಣದ ಒಬ್ಬ ಮನುಷ್ಯನ ಮೇಲೆ ನನಗೆ ಅಸೂಯೆಯಾಯಿತು. ಇದನ್ನು ಯಾರಿಗೆ ಹೇಳಲಿ? ನಿನ್ನ ಅತ್ತಿಗೆಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ.

ಫೋನ್ ಇಡುವ ಮೊದಲು ನಿನ್ನ ಹೆಂಡತಿ ಹೇಳಿದಳು, ಮಂಚವನ್ನು ತಳ್ಳಿಕೊಂಡು ಹೋಗುವಾಗ ನೀನು ಒಂದೇ ಮಾತು ಕೇಳಿದೆಯಂತೆ: "ಅಣ್ಣ ಬಂದಿದಾನಾ?"

ನೀನು ಕೇಳಿದ್ದು ಅಷ್ಟೇ, ಮತ್ತು ನಾನು ಅಲ್ಲಿರಲಿಲ್ಲ. ಈಗ ಚಪ್ಪಲಿ ಮೆಟ್ಟುತ್ತಿದ್ದೇನೆ. ನಿನಗೆ ಎಚ್ಚರವಾಗುವ ಹೊತ್ತಿಗೆ ಮಂಚದ ಪಕ್ಕದ ಕುರ್ಚಿಯಲ್ಲಿ ಇರುತ್ತೇನೆ. ಕೊಡಲು ನನ್ನ ಹತ್ತಿರ ಏನೂ ಇರುವುದಿಲ್ಲ. ಹಾಗೆಯೇ ಕೂತುಕೊಳ್ಳಲು ಬಿಡು.